ಕೂವೆಕಂಬದ ಎತ್ತರ, ಕಡಲಿನ ದೂರ

ಕಪ್ಪತಗುಡ್ಡದ ನೆತ್ತಿಯಲ್ಲಿ ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ಮುಂಡರಗಿ, ಶಿರಹಟ್ಟಿಗಳ ಎರೆಹೊಲಗಳಿಂದ ನೋಡುವವರಿಗೆ, ಅವು ಎಷ್ಟು ದೂರದಲ್ಲಿರಬಹುದೆಂಬ ಕುತೂಹಲವು ಹುಟ್ಟುವುದು ಸಹಜ. ಸಮುದ್ರವನ್ನೇ ಕಾಣದ ಈ ಬಯಲುನಾಡಿನ ಪ್ರಶ್ನೆಯೇ ಜಲಾಂತರ್ಗಾಮಿಯ ನಾಯಕನ ಪ್ರಶ್ನೆಯೂ ಹೌದು. 2005ರಲ್ಲಿ ಬಂದ ‘ಸೈಲೆಂಟ್ ಹಂಟರ್ 3’ರಂಥ ಗಣಕದಾಟಗಳಲ್ಲಿ ಆಡುವವನು, ಪೆರಿಸ್ಕೋಪಿನಲ್ಲಿ ಕಂಡ ಹಡಗಿನ ಜಾತಿಯನ್ನು ಗುರುತಿನ ಪುಸ್ತಕದಲ್ಲಿ ಹುಡುಕಿ, ಅದರ ಕೂವೆಕಂಬದ ಎತ್ತರವನ್ನರಿತು, ಆ ಎತ್ತರದಿಂದಲೇ ದೂರವನ್ನು ಗಣಿಸತಕ್ಕದ್ದು.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಪೆರಿಸ್ಕೋಪುಗಳಲ್ಲಿದ್ದ ಸ್ಟಾಡಿಮೀಟರು ಒಂದೇ ಹಡಗಿನ ಎರಡು ಬಿಂಬಗಳನ್ನು ತೋರುತ್ತಿತ್ತು. ಒಂದರ ಕೂವೆಯ ತುದಿಯು ಇನ್ನೊಂದರ ನೀರಂಚನ್ನು ಮುಟ್ಟುವವರೆಗೆ ಹಿಡಿಯನ್ನು ತಿರುಗಿಸಿದರೆ, ಕಂಬವು ಕಣ್ಣಿನಲ್ಲಿ ಉಂಟುಮಾಡುವ ಕೋನವು ಸಿಕ್ಕುತ್ತಿತ್ತು. ಒಂದು ಅಂಶದ 60ನೆಯ ಭಾಗವಾದ ಕಲೆಯಿಂದ ಆ ಕೋನವನ್ನಳೆದು, ಎತ್ತರವನ್ನು 3438ರಿಂದ ಗುಣಿಸಿ, ಕಲೆಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ದೂರ. 30 ಮೀಟರಿನ ಕಂಬವು ಹುಣ್ಣಿಮೆಯ ಚಂದ್ರನಷ್ಟೇ, ಅಂದರೆ ಸುಮಾರು 30 ಕಲೆಗಳಷ್ಟೇ ಕಂಡರೆ, ಹಡಗು 3438 ಮೀಟರು ದೂರದಲ್ಲಿದೆ. 21600 ಕಲೆಗಳ ಪರಿಧಿಯುಳ್ಳ ವೃತ್ತದ ತ್ರಿಜ್ಯವಾದ ಈ 3438, ಆರ್ಯಭಟನ ಜ್ಯಾಕೋಷ್ಟಕಕ್ಕೆ ಆಧಾರವಾದ ಸಂಖ್ಯೆಯೇ ಆಗಿರುವುದು ನನಗೆ ಅಪಾರ ಸಂತೋಷವನ್ನುಂಟುಮಾಡುತ್ತದೆ. ಸಹ್ಯಾದ್ರಿಯ ಆಶ್ರಯದಲ್ಲಿ ಬಾಳಿದ ಭಾಸ್ಕರಾಚಾರ್ಯನೂ 1150ರ ಸಿದ್ಧಾಂತಶಿರೋಮಣಿಯಲ್ಲಿ, ಹಲವು ಯಂತ್ರಗಳನ್ನು ವರ್ಣಿಸಿದ ಬಳಿಕ, ಬರಿಯ ಕೋಲಿನಿಂದ ಬಿದಿರಿನ ಬುಡ ತುದಿಗಳನ್ನು ನೋಡಿ ದೂರವನ್ನೂ ಎತ್ತರವನ್ನೂ ಅರಿಯುವ ‘ಧೀಯಂತ್ರ’ವನ್ನೇ ಹೆಚ್ಚಾಗಿ ಮನ್ನಿಸಿದನು.

ಆದರೆ ಸೂತ್ರವು ಎಷ್ಟೇ ನಿರ್ದುಷ್ಟವಾಗಿದ್ದರೂ ಎತ್ತರದ ತಿಳಿವಳಿಕೆಯು ತಪ್ಪಿದರೆ ಎಲ್ಲವೂ ತಪ್ಪುವುದು. 30 ಮೀಟರಿನ ಕೂವೆಯನ್ನು 33 ಎಂದೆಣಿಸಿದವನಿಗೆ ದೂರವು ನೂರಕ್ಕೆ ಹತ್ತರಷ್ಟು ಹೆಚ್ಚಾಗಿ ಬರುವುದು. ಭೂಮಿಯ ದುಂಡುತನದಿಂದ ಹಡಗಿನ ಕೆಳಭಾಗವು ದಿಗಂತದ ಹಿಂದೆ ಮರೆಯಾದರಂತೂ ಕೋನವು ಕುಗ್ಗಿ, ಹತ್ತಿರದ ಹಡಗು ದೂರದ್ದೆಂದು ಭ್ರಮೆಯಾಗುವುದು. ಆದುದರಿಂದ ಮಸೂರಕ್ಕಿಂತ ಗುರುತಿನ ಪುಸ್ತಕವೇ ಮುಖ್ಯವೆಂಬುದು ನನ್ನ ಅಭಿಪ್ರಾಯ.

ಗದಗ-ಬೆಟಗೇರಿಯ, ಲಕ್ಷ್ಮೇಶ್ವರದ ಗಣಿತೋಪಾಧ್ಯಾಯರಲ್ಲಿ ನನ್ನ ಬಿನ್ನಹವಿಷ್ಟೆ: ಬುಡವೂ ಕಾಣುವ ಒಂದು ಗಾಳಿಯಂತ್ರವನ್ನು ಆರಿಸಿಕೊಂಡು, ಅದರ ಕಂಬದ ಎತ್ತರವನ್ನು ಅಲ್ಲಿ ದುಡಿಯುವವರಿಂದ ಕೇಳಿ ತಿಳಿದು, ಮಕ್ಕಳಿಂದ ಅಳತೆಪಟ್ಟಿಯನ್ನು ಕಣ್ಣಿಗೆ 60 ಸೆಂಟಿಮೀಟರು ದೂರದಲ್ಲಿ ನೆಟ್ಟಗೆ ಹಿಡಿಸಿರಿ, ಕಂಬವು ಪಟ್ಟಿಯ ಮೇಲೆ 1 ಸೆಂಟಿಮೀಟರು ತೋರಿದರೆ ದೂರವು ಎತ್ತರದ 60 ಪಟ್ಟು. ಬಂದ ಉತ್ತರವನ್ನು ತಾಲ್ಲೂಕಿನ ನಕಾಶೆಯೊಡನೆ ಹೋಲಿಸಿ ನೋಡುವ ಕೆಲಸವನ್ನು ಮಕ್ಕಳಿಗೇ ಬಿಡಿರಿ.