ಎಂಟು ಸಾವಿರದಲ್ಲಿ ಹೇಗ್ ಮೇಡಂ?

2024ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟಿನ ಒಂದು ವಿಚಾರಣೆಯ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ಬೆಂಗಳೂರಿನ ಫ್ಯಾಮಿಲಿ ಕೋರ್ಟು ಹೆಂಡತಿಗೆ ತಿಂಗಳಿಗೆ 50,000 ರೂಪಾಯಿ ಮಧ್ಯಂತರ ಜೀವನಾಂಶ ಕೊಟ್ಟಿತ್ತು. ಅದು ಸಾಲದು, 6,16,300 ರೂಪಾಯಿ ಬೇಕು ಎಂಬುದು ಆಕೆಯ ಅರ್ಜಿ. ಊಟಕ್ಕೆ 60,000, ಬಟ್ಟೆ ಚಪ್ಪಲಿಗೆ 15,000, ಮಂಡಿನೋವಿನ ಚಿಕಿತ್ಸೆಗೆ ನಾಲ್ಕೈದು ಲಕ್ಷ ಅಂತ ಲೆಕ್ಕ ಕೊಟ್ಟಿದ್ದರು. ನ್ಯಾಯಮೂರ್ತಿ ಲಲಿತಾ ಕನ್ನೆಗಂಟಿ ಅವರು ಅಷ್ಟು ಖರ್ಚು ಮಾಡುವ ಆಸೆಯಿದ್ದರೆ ಆಕೆಯೇ ದುಡಿಯಲಿ ಎಂದರು. ಸರಿಯಾದ ಲೆಕ್ಕ ತನ್ನಿ, ಇಲ್ಲದಿದ್ದರೆ ಅರ್ಜಿ ವಜಾ ಎಂದೂ ಎಚ್ಚರಿಸಿದರು.

ನೋಡಿದವರು ನಕ್ಕರು. ನನಗೆ ಮಾತ್ರ ಅದರಿಂದ ಹೊಸ ತಲೆನೋವು ಶುರುವಾಯಿತು. ನನ್ನ ವಕೀಲಿ ಆಫೀಸು ಇರುವುದು ಕೆ.ಆರ್. ಪುರದ ದೇವಸಂದ್ರದಲ್ಲಿ, ಒಂದು ಮೆಡಿಕಲ್ ಶಾಪಿನ ಮೇಲೆ. ಆರು ಲಕ್ಷ ಕೇಳುವವರು ನನ್ನ ಮೆಟ್ಟಿಲು ಹತ್ತುವುದಿಲ್ಲ. ಬರುವವರು ಗಾರ್ಮೆಂಟ್ಸ್ ಹುಡುಗಿಯರು, ಐಟಿಪಿಎಲ್ ಕಡೆ ಹೌಸ್‌ಕೀಪಿಂಗ್ ಮಾಡುವವರು, ರಾಮಮೂರ್ತಿ ನಗರದ ಗೃಹಿಣಿಯರು. ಮೂರೋ ನಾಲ್ಕೋ ವರ್ಷದ ಹಿಂದೆ ಆಗಿರುವ ಐದು ಸಾವಿರ, ಎಂಟು ಸಾವಿರದ ಆದೇಶ ಅವರ ಕೈಲಿರುತ್ತದೆ. ಡೈವೋರ್ಸ್ ಕೇಸು ಇನ್ನೂ ನಡೆಯುತ್ತಲೇ ಇರುತ್ತದೆ. ಹೆಚ್ಚಿಗೆ ಕೇಳೋಣ ಎಂದರೆ, 'ಜಾಸ್ತಿ ಕೇಳಿದ್ರೆ ಜಡ್ಜು ಬೈತಾರಂತೆ, ಬೇಡ ಬಿಡಿ ಮೇಡಂ' ಅನ್ನತೊಡಗಿದರು.

ಅದೇ ಹೈಕೋರ್ಟು, ಅದೇ ವರ್ಷದ ಆರಂಭದಲ್ಲಿ, ಇನ್ನೊಬ್ಬ ಹೆಂಡತಿಯ ಜೀವನಾಂಶವನ್ನು 18,000ದಿಂದ 36,000ಕ್ಕೆ, ಅಂದರೆ ನೇರ ದುಪ್ಪಟ್ಟಿಗೆ ಏರಿಸಿತ್ತು. ಗಂಡ ಬ್ಯಾಂಕ್ ಮ್ಯಾನೇಜರ್. ಹೆಂಡತಿ ಓದಿದವಳು, ದುಡಿಯಬಲ್ಲಳು, ಸುಮ್ಮನೆ ಕೂತಿದ್ದಾಳೆ ಎನ್ನುವುದು ಅವರ ವಾದ. ಮಕ್ಕಳನ್ನು ನೋಡಿಕೊಳ್ಳುವುದು ಹಗಲು ರಾತ್ರಿಯ ದುಡಿಮೆ, ಅದನ್ನು ಸೋಮಾರಿತನ ಅನ್ನಲಾಗದು ಎಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ತಳ್ಳಿಹಾಕಿದರು. ಈ ಸುದ್ದಿ ಪತ್ರಿಕೆಯಲ್ಲಿ ಬಂತು, ಆದರೆ ವಾಟ್ಸಾಪಿನಲ್ಲಿ ಯಾರೂ ಕಳಿಸಲಿಲ್ಲ.

ಜೀವನಾಂಶ ಹೆಚ್ಚಿಸಿ ಎಂದು ಕೇಳುವುದಕ್ಕೆ ಎರಡು ದಾರಿ ಇವೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಮೊದಲ ಆದೇಶವೇ ತೀರಾ ಕಡಿಮೆಯಾಯಿತು, ಗಂಡನ ಸಂಬಳದ ದಾಖಲೆಯನ್ನು ಕೋರ್ಟು ಗಮನಿಸಲಿಲ್ಲ ಅಂದರೆ ಹೈಕೋರ್ಟಿಗೆ ಹೋಗಬೇಕು. ಆದೇಶ ಅವತ್ತಿಗೆ ಸರಿಯಾಗಿಯೇ ಇತ್ತು, ಆಮೇಲೆ ಕಾಲ ಬದಲಾಯಿತು ಅನ್ನುವುದಾದರೆ ಅದೇ ಕೋರ್ಟಿನಲ್ಲಿ ಇನ್ನೊಂದು ಐಎ, ಅಂದರೆ ಮಧ್ಯಂತರ ಅರ್ಜಿ, ಹಾಕಿದರೆ ಸಾಕು. ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್ನಿನ ಆದೇಶ ಕೇಸು ನಡೆಯುವಷ್ಟು ದಿನದ್ದು, ಪರಿಸ್ಥಿತಿ ಬದಲಾದರೆ ಅದೂ ಬದಲಾಗಬಹುದು. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯ 36ನೇ ಸೆಕ್ಷನ್ ಇದೆ. ರಿಜಿಸ್ಟರ್ ಮದುವೆಯವರಿಗೆ ವಿಶೇಷ ವಿವಾಹ ಕಾಯ್ದೆಯಲ್ಲೂ, ಕಾಕತಾಳೀಯವೆಂಬಂತೆ, 36ನೇ ಸೆಕ್ಷನ್ನೇ. ಜೀವನಾಂಶದ ಹಳೆಯ ಸಿಆರ್‌ಪಿಸಿ 125ನೇ ಸೆಕ್ಷನ್ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 144 ಆಗಿದೆ. ಅದು ಎಲ್ಲ ಧರ್ಮದವರಿಗೂ ಅನ್ವಯ, ಮೊತ್ತ ಬದಲಿಸಲು ಅದರಲ್ಲಿ 146ನೇ ಸೆಕ್ಷನ್ ಬೇರೆಯಾಗಿಯೇ ಇದೆ. ಹಿಂದೆ 125ರಲ್ಲಿ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು, 2001ರಲ್ಲಿ ತೆಗೆದರು. ಅಲ್ಲಿಯವರೆಗೆ ಎಷ್ಟು ಹೆಂಗಸರು ಅದರಲ್ಲಿ ಹೇಗೆ ಬದುಕಿದರೋ!

ಕಾನೂನಿನ ಮಾತು ಸಾಕು. ನಿಜವಾದ ಕೆಲಸ ನಡೆಯುವುದು ಅಫಿಡವಿಟ್ಟಿನಲ್ಲಿ. 2020ರ ನವೆಂಬರ್ 4ರಂದು ರಜನೀಶ್ ಮತ್ತು ನೇಹಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲ, ಖರ್ಚನ್ನು ಪ್ರಮಾಣ ಮಾಡಿ ಬರೆದುಕೊಡಲೇಬೇಕು ಎಂದಿತು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕು ಎಂದಿತು.

ನನ್ನ ಕಕ್ಷಿದಾರರೊಬ್ಬರ ಲೆಕ್ಕ ಹೇಳುತ್ತೇನೆ, ಹೆಸರು ಬೇಡ. 2021ರಲ್ಲಿ ಅವರಿಗೂ ಮಗಳಿಗೂ ಸೇರಿಸಿ ಎಂಟು ಸಾವಿರ ಆಗಿತ್ತು. ಆಗ ಗಂಡನ ಕೈಗೆ ಬರುತ್ತಿದ್ದುದು 31,000. ಆಮೇಲೆ ಅವರು ಹೂಡಿಯ ಕಂಪನಿಯೊಂದಕ್ಕೆ ಹೋದರು, ಸಂಬಳ 52,000 ಆಯಿತು. ಮಗಳು ಹೈಸ್ಕೂಲಿಗೆ ಬಂದಳು. 'ಎಂಟು ಸಾವಿರದಲ್ಲಿ ಹೇಗ್ ಮೇಡಂ?' ಎಂದು ಬಂದವರ ಕೈಯಲ್ಲಿ ಒಂದು ಹಾಳೆ, ಅದರಲ್ಲಿ ಒಂದೇ ಗೆರೆ: ಮನೆ ಖರ್ಚು 30,000.

'ಇದು ನಡೆಯಲ್ಲ ಕಣಮ್ಮ, ಬಿಡಿಸಿ ಬರೆಯೋಣ' ಎಂದೆ. ಒಂದು ರೂಮು ಅಡುಗೆಮನೆಯ ಬಾಡಿಗೆ 7,500. ಸ್ಕೂಲ್ ಫೀಸು ವರ್ಷಕ್ಕೆ 42,000, ತಿಂಗಳಿಗೆ 3,500 ಬಿತ್ತು. ಸ್ಕೂಲ್ ವ್ಯಾನಿಗೆ 1,600, ಸಿಲಿಂಡರಿಗೆ 850. ದಿನಸಿ ಅಂಗಡಿಯ ಸಾಲದ ಪುಸ್ತಕ ನೋಡಿ, ಸಂತೆಯ ತರಕಾರಿ ಸೇರಿಸಿದೆವು, 6,500. ಮಗಳ ಉಬ್ಬಸದ ಇನ್‌ಹೇಲರ್ ಮತ್ತು ಮಾತ್ರೆ 900. ಕರೆಂಟು, ಫೋನು 650. ಒಟ್ಟು 21,500 ಬಂತು. ತಲೆಯಲ್ಲಿದ್ದ ಮೂವತ್ತು ಸಾವಿರ ಹಾಳೆಯ ಮೇಲೆ ಕರಗಿತ್ತು.

ಆಮೇಲೆ ಬಂತು ಕಷ್ಟದ ಪ್ರಶ್ನೆ. ಅವರು ಮನೆಯಲ್ಲಿ ಸೀರೆಗೆ ಫಾಲ್ಸ್, ಪಿಕೊ ಹಾಕಿ ತಿಂಗಳಿಗೆ ನಾಲ್ಕು ಸಾವಿರದಷ್ಟು ಸಂಪಾದಿಸುತ್ತಿದ್ದರು.

'ಅದು ಬೇಡ ಮೇಡಂ, ಅದನ್ನ ನೋಡಿ ಇರೋದನ್ನೂ ಕಿತ್ಕೊಂಡ್ರೆ?'

'ಬರೀಲೇಬೇಕು. ದುಡ್ಡು ಫೋನ್‌ಪೇನಲ್ಲಿ ಬರುತ್ತೆ ತಾನೆ? ಬ್ಯಾಂಕ್ ಸ್ಟೇಟ್‌ಮೆಂಟ್ ನಾವೇ ಕೊಡಬೇಕು. ಆ ಕಡೆ ವಕೀಲರು ಅದನ್ನೇ ಹಿಡಿದು ಕ್ರಾಸ್ ಮಾಡ್ತಾರೆ.'

ಬರೆದೆವು. ಹೆಂಡತಿಗೆ ಒಂದಿಷ್ಟು ಆದಾಯ ಇದ್ದ ಮಾತ್ರಕ್ಕೆ ಜೀವನಾಂಶ ತಪ್ಪುವುದಿಲ್ಲ, ಅದು ಸಾಲುತ್ತದೆಯೇ ಅನ್ನುವುದೇ ಪ್ರಶ್ನೆ. ದುಡಿಯಬಲ್ಲಳು ಅನ್ನುವುದೂ ದುಡಿಯುತ್ತಿದ್ದಾಳೆ ಅನ್ನುವುದೂ ಬೇರೆ ಬೇರೆ ಎಂದು ಸುಪ್ರೀಂ ಕೋರ್ಟು ಹೇಳಿದ್ದು ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ, 2017ರಲ್ಲಿ. ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಮಾತ್ರ ಇಡೀ ಅಫಿಡವಿಟ್ಟಿನ ಮೇಲಿನ ನಂಬಿಕೆ ಹೋಗುತ್ತದೆ. ಸುಳ್ಳು ಪ್ರಮಾಣದ ಕೇಸೂ ಆಗಬಹುದು. ನಾಲ್ಕು ಸಾವಿರ ಕಳೆದು 17,500 ಕೇಳಿದೆವು.

ಗಂಡನ ಆಬ್ಜೆಕ್ಷನ್ ಬಂತು: ಮೇಡಹಳ್ಳಿಯಲ್ಲಿ ಫ್ಲ್ಯಾಟು ತಗೊಂಡಿದ್ದೇನೆ, 19,000 ಇಎಂಐ ಇದೆ, ಕೈಯಲ್ಲಿ ಏನೂ ಉಳಿಯುವುದಿಲ್ಲ. ನಮ್ಮ ಕಡೆ ಈ ವಾದ ಇಲ್ಲದ ಆಬ್ಜೆಕ್ಷನ್ ಅಪರೂಪ. ಸರ್ಕಾರ ಕಡ್ಡಾಯವಾಗಿ ಹಿಡಿಯುವ ತೆರಿಗೆ ಬೇರೆ, ತಾನಾಗಿ ಮಾಡಿಕೊಂಡ ಸಾಲ ಬೇರೆ. ಎರಡನೆಯದನ್ನು ತೋರಿಸಿ ಹೆಂಡತಿ ಮಕ್ಕಳ ಪಾಲು ಕಡಿಮೆ ಮಾಡುವುದನ್ನು ಕೋರ್ಟುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪೇ ಸ್ಲಿಪ್ಪು ಕೋರ್ಟಿನ ಮುಂದೆ ಬಂದ ಮೇಲೆ ಆದೇಶವಾಯಿತು: 14,000. ಕೇಳಿದಷ್ಟು ಸಿಗಲಿಲ್ಲ. ಆದರೂ ಸ್ಕೂಲ್ ಫೀಸಿಗೆ ಓಲೆ ಅಡವಿಡುವುದು ನಿಂತಿತು.

ಸಂಬಳದ ಕಾಲುಭಾಗ ಹೆಂಡತಿಗೆ ಅನ್ನುವ ಮಾತು ಕೋರ್ಟ್ ಕ್ಯಾಂಟೀನಿನಲ್ಲಿ ದಿನವೂ ಕೇಳುತ್ತೇನೆ. 2017ರಲ್ಲಿ ಕಲ್ಕತ್ತಾದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶೇ 25 ನ್ಯಾಯವಾದದ್ದು ಎಂದದ್ದು ನಿಜ. ಆದರೆ ಅದು ಯಾವ ಕಾಯ್ದೆಯಲ್ಲೂ ಇಲ್ಲ. ವಯಸ್ಸು, ಆರೋಗ್ಯ, ಮಕ್ಕಳು, ಮದುವೆಯಲ್ಲಿದ್ದಾಗಿನ ಜೀವನಮಟ್ಟ, ಗಂಡನ ಮೇಲಿರುವ ತಂದೆತಾಯಿಯ ಹೊಣೆ ಎಲ್ಲವನ್ನೂ ತೂಗುತ್ತಾರೆ. ಗಂಡನ ಕೆಲಸ ಹೋದರೆ ಕಡಿಮೆ ಮಾಡಿ ಎಂದು ಕೇಳುವ ಹಕ್ಕು ಅವನಿಗೂ ಇದೆ; 24ನೇ ಸೆಕ್ಷನ್ನಿನಲ್ಲಿ ಜೀವನಾಂಶವನ್ನೇ ಕೇಳುವ ಹಕ್ಕೂ ಇದೆ.

ಇನ್ನು ವಿಳಂಬ. 24ರ ಅರ್ಜಿಯನ್ನು, ಸಾಧ್ಯವಾದ ಮಟ್ಟಿಗೆ, ಎದುರುದಾರರಿಗೆ ನೋಟಿಸು ಮುಟ್ಟಿದ 60 ದಿನದೊಳಗೆ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ಫ್ಯಾಮಿಲಿ ಕೋರ್ಟುಗಳಿರುವ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದ ಕಾರಿಡಾರಿನಲ್ಲಿ ಒಂದು ಬೆಳಿಗ್ಗೆ ನಿಂತರೆ ಆ 60 ದಿನ ಎಷ್ಟು ನಿಜ ಎಂದು ಗೊತ್ತಾಗುತ್ತದೆ. ಪ್ರತಿ ಡೇಟಿಗೂ ಅರ್ಧ ದಿನದ ಕೂಲಿ ಹೋಗುತ್ತದೆ. ಆಬ್ಜೆಕ್ಷನ್ನಿಗೆ ಟೈಮು, ಅಫಿಡವಿಟ್ಟಿಗೆ ಟೈಮು ಕೇಳುತ್ತಲೇ ಹೋಗುವವರನ್ನು ಕೋರ್ಟುಗಳು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದೇಶವಾದರೂ ದುಡ್ಡು ಬರದಿದ್ದರೆ ಸುಮ್ಮನೆ ಕೂರಬೇಡಿ. ಬಿಎನ್‌ಎಸ್‌ಎಸ್ 144ರ ಆದೇಶವಾದರೆ ಬಾಕಿ ವಸೂಲಿಗೆ ಕೋರ್ಟು ಎಫ್‌ಎಲ್‌ಡಬ್ಲ್ಯೂ, ಅಂದರೆ ಫೈನ್ ಲೆವಿ ವಾರಂಟ್, ಹೊರಡಿಸಬಹುದು, ಆಗಲೂ ಕಟ್ಟದಿದ್ದರೆ ಜೈಲು. ಆದರೆ ಆ ಅರ್ಜಿಯನ್ನು ಬಾಕಿ ಬಿದ್ದ ಒಂದು ವರ್ಷದೊಳಗೆ ಹಾಕಬೇಕು. ಕೊಟ್ಟಾರು, ಕೊಟ್ಟಾರು ಎಂದು ಕಾಯುತ್ತಾ ಆ ವರ್ಷ ಕಳೆದುಕೊಂಡವರು ಬಹಳ.

ವಕೀಲರ ಫೀಸಿಗೆ ಹೆದರಿ ಮನೆಯಲ್ಲೇ ಉಳಿದವರಿಗೂ ಒಂದು ಮಾತು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಹೋಗುವಾಗ ಹಳೆಯ ಆದೇಶದ ಸರ್ಟಿಫೈಡ್ ಕಾಪಿ, ಪಾಸ್‌ಬುಕ್ಕು, ಫೀಸಿನ ರಸೀದಿ, ಬಾಡಿಗೆ ಕರಾರು, ಔಷಧಿ ಬಿಲ್ಲುಗಳನ್ನು ತೆಗೆದುಕೊಂಡು ಹೋಗಿ. ಗಂಡನ ಈಗಿನ ಕಂಪನಿಯ ಹೆಸರು ಗೊತ್ತಿದ್ದರೆ ಅದನ್ನೂ ಬರೆದುಕೊಳ್ಳಿ.