ಹಳೆಯ ಗಣಕವೂ ಹೊಸ ಆಟವೂ

ನಮ್ಮ ಮನೆಯ ಗಣಕಯಂತ್ರವನ್ನು ತಂದೆಯವರು 2014ರಲ್ಲಿ ಟೈಪಿಂಗ್ ಕೆಲಸಕ್ಕೆಂದು ಕೊಂಡರು. ಹಗಲೆಲ್ಲ ಅದರ ಮೇಲೆ ಅರ್ಜಿಗಳೂ ಬಾಡಿಗೆಯ ಕರಾರುಪತ್ರಗಳೂ ‘ನುಡಿ’ಯಲ್ಲಿ ಮೂಡುತ್ತವೆ, ರಾತ್ರಿ ಒಂಬತ್ತು ಹೊಡೆದ ಮೇಲೆ ಅದು ನನ್ನ ವಶಕ್ಕೆ ಬರುತ್ತದೆ. ಆಗ ನಾನು ಏನನ್ನು ಓದುತ್ತೇನೆಂದು ಗುರುಗಳು ಕೇಳದಿದ್ದರೆ ಉಪಕಾರವಾದೀತು. ಹುಬ್ಬಳ್ಳಿಯ ವಿದ್ಯಾನಗರದ ಇಬ್ಬರು, ಧಾರವಾಡದ ಸಪ್ತಾಪುರದ ಇಬ್ಬರು, ಅವರೊಡನೆ ನಾನು, ಹೀಗೆ ಐವರು ಒಂದು ಪಕ್ಷವಾಗಿ ‘ಕೌಂಟರ್ ಸ್ಟ್ರೈಕ್’ ಆಡುತ್ತೇವೆ.

2012ರಲ್ಲಿ ಹೊರಬಂದ ಆ ಆಟದ ಆವೃತ್ತಿಯು ನಮ್ಮ ಯಂತ್ರದಲ್ಲಿ ಹೇಗೋ ನಡೆಯುತ್ತಿತ್ತು. 2023ರ ಸೆಪ್ಟೆಂಬರಿನಲ್ಲಿ ಅದರ ಸ್ಥಾನಕ್ಕೆ ಎರಡನೆಯದು ಬಂದಿತು. ಅಂದಿನಿಂದ ನನ್ನ ಯೋಧನು ಬಾಗಿಲು ದಾಟುವಷ್ಟರಲ್ಲಿಯೇ ಸತ್ತಿರುತ್ತಾನೆ. ಗಣಕವೇನೂ ಕೆಟ್ಟಿರಲಿಲ್ಲ, ಆಟವೇ ಅದರ ಕೈಮೀರಿ ಬೆಳೆದಿತ್ತು.

ಮಕ್ಕಳಿಗೆ ಪಾಠ ಹೇಳಿ ನಾನು ಒಂಬತ್ತು ಸಾವಿರ ರೂಪಾಯಿ ಕೂಡಿಸಿದ್ದೆ. ಇದನ್ನು ಎಲ್ಲಿ ಸುರಿಯಬೇಕು? ಒಬ್ಬನು ಗ್ರಾಫಿಕ್ಸ್ ಕಾರ್ಡ್ ಎಂದ, ಮತ್ತೊಬ್ಬನು ರ್‍ಯಾಮ್ ಎಂದ. ಅಂಗಡಿಯವರೊಬ್ಬರು ಇಡೀ ಯಂತ್ರವನ್ನೇ ಗುಜರಿಗೆ ಹಾಕಲು ಸೂಚಿಸಿದರು.

ನಮ್ಮೂರಿನ ಖಾನಾವಳಿಯನ್ನು ನೆನಪಿಗೆ ತಂದುಕೊಂಡರೆ ವಿಷಯ ತಿಳಿಯಾಗುತ್ತದೆ. ಒಬ್ಬಾಕೆ ರೊಟ್ಟಿ ಬಡಿಯುತ್ತಾಳೆ, ಇನ್ನೊಬ್ಬಾಕೆ ಹಂಚಿನ ಮೇಲೆ ಬೇಯಿಸುತ್ತಾಳೆ. ಗಣಕದಲ್ಲಿ ಬಡಿಯುವುದು ಪ್ರೊಸೆಸರ್. ಬೇಯಿಸುವುದು ಗ್ರಾಫಿಕ್ಸ್ ಭಾಗ. ಸೆಕೆಂಡಿಗೆ 60 ಚಿತ್ರಗಳು ಪರದೆಗೆ ಬರಬೇಕಾದರೆ ಪ್ರತಿಯೊಂದಕ್ಕೂ ಸಿಗುವ ಅವಕಾಶ ಸೆಕೆಂಡಿನ ಅರುವತ್ತನೆಯ ಒಂದು ಪಾಲು ಮಾತ್ರ. ಬಡಿದ ರೊಟ್ಟಿ ಹಂಚಿಗಾಗಿ ಕಾದಿದ್ದರೆ ಇನ್ನೊಂದು ಹಂಚು ಬೇಕು. ಹಂಚೇ ಬರಿದಾಗಿ ಕಾಯುತ್ತಿದ್ದರೆ ಎಷ್ಟು ಹಂಚು ಇಟ್ಟರೇನು?

ಯಾರು ಯಾರಿಗಾಗಿ ಕಾಯುತ್ತಿದ್ದಾರೆಂದು ತಿಳಿಯಲು ಕಾಸು ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಆಟದ ಚಿತ್ರದ ಗಾತ್ರವನ್ನು 1080ರಿಂದ 720ಕ್ಕೆ ಇಳಿಸಬೇಕು. ವೇಗ ಏರಿದರೆ ದೋಷ ಗ್ರಾಫಿಕ್ಸಿನದು. ಇದ್ದಲ್ಲಿಯೇ ಇದ್ದರೆ ಪ್ರೊಸೆಸರಿನದು. ನಮ್ಮದು ಇಂಟೆಲ್‌ನ ನಾಲ್ಕನೆಯ ಪೀಳಿಗೆಯ ಐ5. ಬೇರೆ ಕಾರ್ಡ್ ಇಲ್ಲ, ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ ಗತಿ. ವೇಗ ಏರಿತು. ಗೆಳೆಯನ ಜಿಟಿಎಕ್ಸ್ 1650 ಕಾರ್ಡನ್ನು ಒಂದು ರವಿವಾರದ ಮಟ್ಟಿಗೆ ಎರವಲು ತಂದು ಕೂಡಿಸಿದೆ. ಅವನ ಕಾರ್ಡಿಗೆ ಪ್ರತ್ಯೇಕ ವಿದ್ಯುತ್ ತಂತಿ ಬೇಡ. ಮದರ್‌ಬೋರ್ಡ್ ಕೊಡುವ 75 ವ್ಯಾಟ್ ಸಾಕು. ಕ್ಯಾಬಿನೆಟ್ಟಿನೊಡನೆ ಪುಕ್ಕಟೆ ಬಂದ ನಮ್ಮ ಪವರ್ ಸಪ್ಲೈಯನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಆಟ ನೀರಿನಂತೆ ಹರಿಯಿತು. ಆದರೆ ಹತ್ತು ಜನ ಒಂದೆಡೆ ಸೇರಿ ಹೊಗೆಗುಂಡು ಎಸೆದೊಡನೆ ಮತ್ತೆ ಮುಗ್ಗರಿಸಿತು. ಈಗ ಚಿತ್ರವನ್ನು ಎಷ್ಟು ಕಿರಿದು ಮಾಡಿದರೂ ಫಲವಿಲ್ಲ. ಬಡಿಯುವಾಕೆ ಸೋತಿದ್ದಳು.

ಹಾಗಾದರೆ ಪ್ರೊಸೆಸರನ್ನೂ ಬದಲಿಸಬಹುದಲ್ಲ ಎಂದೀರಿ. ನಮ್ಮ ಮದರ್‌ಬೋರ್ಡಿನಲ್ಲಿ ಅದೇ ಕಾಲದ ಐ7 ಕೂತೀತು, ಡಿಡಿಆರ್3 ರ್‍ಯಾಮೂ ಕೂತೀತು. ಆದರೆ ಇವೆರಡೂ ಮುಂದಿನ ಯಂತ್ರಕ್ಕೆ ಬಾರವು. ಈಗಿನ ಬೋರ್ಡುಗಳಲ್ಲಿ ಅವಕ್ಕೆ ಜಾಗವೇ ಇಲ್ಲ. ಕಾರ್ಡು ಮತ್ತು ಎಸ್‌ಎಸ್‌ಡಿ ಹಾಗಲ್ಲ. ಮನೆ ಬದಲಿಸಿದಾಗ ಒಯ್ಯುವ ಪಾತ್ರೆಗಳಂತೆ ಬಿಚ್ಚಿ ಒಯ್ಯಬಹುದು. ಬಾಡಿಗೆ ಮನೆಗೆ ಯಾರಾದರೂ ಹೊಸ ನೆಲ ಹಾಕಿಸುತ್ತಾರೆಯೇ?

ಇನ್ನೊಂದು ತೊಡಕು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಅದು ಒಪ್ಪುವ ಪ್ರೊಸೆಸರುಗಳ ಪಟ್ಟಿಯಲ್ಲಿ ನಮ್ಮ ನಾಲ್ಕನೆಯ ಪೀಳಿಗೆ ಇಲ್ಲ. ಆಟಕ್ಕೆ ಮಾತ್ರವಾಗಿದ್ದರೆ ನಾನು ಇದನ್ನು ಲೆಕ್ಕಿಸುತ್ತಿರಲಿಲ್ಲ. ಆದರೆ ಗಿರಾಕಿಗಳ ಕಾಗದಪತ್ರಗಳೂ ತಂದೆಯವರ ಬ್ಯಾಂಕಿನ ವ್ಯವಹಾರವೂ ಇದೇ ಯಂತ್ರದಲ್ಲಿವೆ. ಹಗಲಿನ ಒಡೆಯರ ಅನ್ನವನ್ನು ರಾತ್ರಿಯ ಒಡೆಯನು ಮರೆಯುವಂತಿರಲಿಲ್ಲ.

ಆದ್ದರಿಂದ ಮೊದಲು ಒಂದು ಎಸ್‌ಎಸ್‌ಡಿ ತಂದು, ‘ಚಿಗರಿ’ ಬಸ್ಸಿನಲ್ಲಿ ಧಾರವಾಡ ಮುಟ್ಟುವವರೆಗೂ ತೊಡೆಯ ಮೇಲಿಂದ ಇಳಿಸಲಿಲ್ಲ. ಇದರಿಂದ ಆಟದ ಚಿತ್ರಗಳ ವೇಗ ಹೆಚ್ಚಲಿಲ್ಲವೆಂಬುದನ್ನು ಒಪ್ಪಬೇಕು. ಹಳೆಯ ಹಾರ್ಡ್‌ಡಿಸ್ಕಿನ ತಟ್ಟೆ ತಿರುಗುವುದನ್ನು ಕಾಯುವ ಕೆಲಸವಷ್ಟೇ ತಪ್ಪಿತು. ಮರುದಿನ ಬೆಳಿಗ್ಗೆ ತಂದೆಯವರು ಗುಂಡಿ ಒತ್ತಿ, ರೂಢಿಯಂತೆ ಚಹಾ ಕುಡಿಯಲೆಂದು ಏಳುವಷ್ಟರಲ್ಲಿ ಯಂತ್ರ ಸಿದ್ಧವಾಗಿತ್ತು. “ಏನ್ ಮಾಡಿದಿ ತಮ್ಮಾ ಇದಕ್ಕ? ಚಾ ಕುಡಿಯಾಕೂ ಬಿಡವಲ್ದು” ಎಂದರು.

ಉಳಿದ ಹಣ ಬ್ಯಾಂಕಿನಲ್ಲಿದೆ; ಅದಕ್ಕೆ ಇನ್ನಷ್ಟು ಕೂಡಿಸಿ ಬೋರ್ಡನ್ನೂ ಪ್ರೊಸೆಸರನ್ನೂ ಒಟ್ಟಿಗೆ ತರುವವನಿದ್ದೇನೆ, ಕಾರ್ಡು ಆಮೇಲೆ. ಗೆಳೆಯರಿಗೆ ಯುಗಾದಿಯವರೆಗೆ ನಾಲ್ವರೇ ಆಡಿರೆಂದು ತಿಳಿಸಿದ್ದೇನೆ.