ಕೆಟ್ಟಿದ್ದು ಫ್ಯಾನಲ್ಲ, ಕೆಪ್ಯಾಸಿಟರ್

ಬೇಸಿಗೆಯ ನಡುವೆ ಸೀಲಿಂಗ್ ಫ್ಯಾನ್ ಸೊರಗಿ ತಿರುಗತೊಡಗಿದರೆ ಬಹಳಷ್ಟು ಮನೆಗಳಲ್ಲಿ ಬರುವ ಮೊದಲ ಮಾತು 'ಮೋಟಾರು ಹೋಯ್ತು, ಹೊಸದು ತರೋಣ' ಎಂಬುದು. ಸಾಮಾನ್ಯವಾಗಿ ಮೋಟಾರಿಗೆ ಏನೂ ಆಗಿರುವುದಿಲ್ಲ. ರಾಡಿನ ಬುಡದಲ್ಲಿರುವ ಬಟ್ಟಲಿನೊಳಗೆ ಕೂತ ಪುಟ್ಟ ಕೆಪ್ಯಾಸಿಟರ್ ದುರ್ಬಲವಾಗಿರುತ್ತದೆ. ಮನೆಗೆ ಬರುವ ಸಿಂಗಲ್ ಫೇಸ್ ಕರೆಂಟಿಗೆ ನಿಂತ ಮೋಟಾರನ್ನು ತಾನೊಂದೇ ತಿರುಗಿಸಲು ಆಗುವುದಿಲ್ಲ. ಫ್ಯಾನಿನಲ್ಲಿ ಎರಡು ವೈಂಡಿಂಗ್ ಇರುತ್ತವೆ. ಒಂದರಲ್ಲಿ ಹರಿಯುವ ಕರೆಂಟು ಇನ್ನೊಂದಕ್ಕಿಂತ ತುಸು ಮುಂದಿರುವಂತೆ ಕೆಪ್ಯಾಸಿಟರ್ ನೋಡಿಕೊಳ್ಳುತ್ತದೆ. ಆ ಅಂತರದಿಂದಲೇ ಸುತ್ತುವ ಕಾಂತಕ್ಷೇತ್ರ ಹುಟ್ಟುತ್ತದೆ. ಹಳೆಯ ಮಾದರಿಯ ಫ್ಯಾನುಗಳಲ್ಲಿ ಸಾಮಾನ್ಯವಾಗಿ ಇದರ ಅಳತೆ 2.5 ಮೈಕ್ರೋಫ್ಯಾರಡ್. ಬಿಸಿಗೂ ವೋಲ್ಟೇಜಿನ ಏರಿಳಿತಕ್ಕೂ ಸಿಕ್ಕಿ ಒಳಗಿನ ಲೋಹದ ತೆಳುಪದರ ವರ್ಷಗಳು ಕಳೆದಂತೆ ಸವೆಯುತ್ತದೆ, ಅಳತೆ ಇಳಿಯುತ್ತದೆ, ಗಾಳಿ ಕಡಿಮೆಯಾಗುತ್ತದೆ. ಪೂರ್ತಿ ಕೆಟ್ಟರೆ ಫ್ಯಾನು ಗುಂಯ್‌ಗುಡುತ್ತ ನಿಂತಲ್ಲೇ ನಿಲ್ಲುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಈ ಬಿಡಿಭಾಗಕ್ಕೆ ಹತ್ತಾರು ರೂಪಾಯಿ. ಹೊಸ ಫ್ಯಾನಿಗೆ ಸಾವಿರಗಟ್ಟಲೆ. ದೋಷ ಕೆಪ್ಯಾಸಿಟರಿನದೋ ಬೇರಿಂಗಿನದೋ ಎಂದು ತಿಳಿಯಲು ಉಪಕರಣವೂ ಬೇಡ. ಕರೆಂಟು ಪೂರ್ತಿ ತೆಗೆದು ರೆಕ್ಕೆಯನ್ನು ಕೈಯಿಂದ ತಿರುಗಿಸಬೇಕು. ಹಗುರವಾಗಿ, ಸದ್ದಿಲ್ಲದೆ ಹಲವು ಸುತ್ತು ಹೋದರೆ ಬೇರಿಂಗ್ ಸರಿಯಿದೆ. ಬಿಗಿಯಾಗಿ ಕರಕರ ಎಂದರೆ ಫ್ಯಾನನ್ನು ಕೆಳಗಿಳಿಸಿ ಅಂಗಡಿಗೆ ಒಯ್ಯಬೇಕು.

ಮನೆಯಲ್ಲೇ ರಿಪೇರಿ ಮಾಡಿಕೊಳ್ಳಿ ಎಂದಾಗಲೆಲ್ಲ ಉಳಿತಾಯದ ಲೆಕ್ಕ ಮುಂದೆ ಬರುತ್ತದೆ. ಉಳಿತಾಯ ಆಗುತ್ತದೆ, ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ ಎಂಬುದು ನನ್ನ ವಾದ. ರಿಪೇರಿಯಲ್ಲಿ ಎರಡು ಕೆಲಸಗಳಿವೆ. ಯಾವುದು ಕೆಟ್ಟಿದೆ ಎಂದು ಕಂಡುಹಿಡಿಯುವುದು ಒಂದು, ಅದನ್ನು ಸರಿಮಾಡುವುದು ಇನ್ನೊಂದು. ಎರಡನೆಯದಕ್ಕೆ ಸಲಕರಣೆ ಬೇಕು, ಕೈ ಪಳಗಿರಬೇಕು, ಎಷ್ಟೋ ಸಲ ವರ್ಷಗಳ ಕಸುಬು ಬೇಕು. ಮೊದಲನೆಯದು ಗಮನವಿಟ್ಟು ನೋಡುವ, ಕೇಳುವ ಯಾರಿಗಾದರೂ ಬಹುಮಟ್ಟಿಗೆ ಸಾಧ್ಯ. ಅದನ್ನೂ ಪೂರ್ತಿಯಾಗಿ ಬೇರೆಯವರ ಕೈಗೆ ಕೊಟ್ಟವರಿಗೆ ಅವರು ಹೇಳಿದ ದೋಷವೇ ದೋಷ, ಹೇಳಿದ ಬೆಲೆಯೇ ಬೆಲೆ. ಮನೆಯವರು ಎಲ್ಲವನ್ನೂ ತಾವೇ ಸರಿಮಾಡಬೇಕೆಂದು ನಾನು ಹೇಳುತ್ತಿಲ್ಲ. ದೋಷ ಎಲ್ಲಿದೆ ಎಂಬ ತಿಳಿವಳಿಕೆ ಮನೆಯೊಳಗೆ ಉಳಿಯಬೇಕು ಎನ್ನುತ್ತಿದ್ದೇನೆ.

ಮಿಕ್ಸಿಯನ್ನು ನೋಡಿ. ಚಟ್ನಿಪುಡಿ ಮಾಡುವಾಗ ತಟ್ಟನೆ ನಿಂತ ಮಿಕ್ಸಿ ಸುಟ್ಟುಹೋಗಿದೆ ಎಂದು ಅಂಗಡಿಗೆ ಹೊತ್ತೊಯ್ಯುವವರು ಬಹಳ. ಮೋಟಾರು ಮಿತಿಮೀರಿ ಕರೆಂಟು ಎಳೆದಾಗ ಓವರ್‌ಲೋಡ್ ಸ್ವಿಚ್ ತಾನಾಗಿಯೇ ಸಂಪರ್ಕ ಕಡಿದಿರುತ್ತದೆ, ಅಷ್ಟೇ. ಪ್ಲಗ್ ಕಿತ್ತು, ಜಾರು ತೆಗೆದು, ಕೆಲವು ನಿಮಿಷ ತಣಿಯಲು ಬಿಟ್ಟು, ಬುಡದಲ್ಲಿರುವ ಚಿಕ್ಕ ಕೆಂಪು ಗುಂಡಿ ಒತ್ತಿದರೆ ಮತ್ತೆ ಓಡುತ್ತದೆ. ಮೋಟಾರು ಓಡುತ್ತಿದ್ದೂ ಬ್ಲೇಡು ತಿರುಗದಿದ್ದರೆ ದೋಷ ಕಪ್ಲರಿನದು. ಜಾರಿಗೂ ಮೋಟಾರಿಗೂ ನಡುವಿನ ಈ ಹಲ್ಲಿನ ಬಿಲ್ಲೆಯನ್ನು ಬೇಕೆಂದೇ ಮೆದುವಾದ ವಸ್ತುವಿನಿಂದ ಮಾಡಿರುತ್ತಾರೆ. ಬ್ಲೇಡು ಸಿಕ್ಕಿಕೊಂಡರೆ ಅದು ಮುರಿದು ಮೋಟಾರು ಉಳಿಯಬೇಕು ಎಂಬುದೇ ಉದ್ದೇಶ. ಗಾಳಿಕಿಂಡಿಯಲ್ಲಿ ಕಿಡಿ ಹೆಚ್ಚಾಗಿ ಕಂಡು, ವೇಗ ಏರಿಳಿಯುತ್ತಿದ್ದರೆ ಕಾರ್ಬನ್ ಬ್ರಷ್ ಸವೆದಿರಬಹುದು. ಲಕ್ಷಣ ಮೂರು, ಕಾರಣವೂ ಮೂರು. ಪ್ರೆಷರ್ ಕುಕ್ಕರಿನದೂ ಹೀಗೆಯೇ. ಮುಚ್ಚಳದ ಅಂಚಿನಲ್ಲಿ ಆವಿ ಹೋಗುತ್ತಿದ್ದರೆ ರಬ್ಬರ್ ಗಟ್ಟಿಯಾಗಿದೆ ಎಂದರ್ಥ. ವಿಷಲ್ ಕೂಗದೆ ಸೇಫ್ಟಿ ವಾಲ್ವ್ ಕರಗಿ ಆವಿ ನುಗ್ಗಿದರೆ ವಿಷಲಿನ ಕೊಳವೆ ಕಟ್ಟಿಕೊಂಡಿರಬಹುದು, ಇಲ್ಲವೇ ನೀರು ಆರಿಹೋಗಿರಬಹುದು. ಕೊಳವೆ ಚೊಕ್ಕಮಾಡದೆ ಬರೀ ವಾಲ್ವ್ ಬದಲಿಸಿದರೆ ಅಪಾಯ ಹಾಗೆಯೇ ಉಳಿಯುತ್ತದೆ. ಈ ಸದ್ದು, ವಾಸನೆ, ನಡುಕಗಳನ್ನು ದಿನವೂ ಅರಿತಿರುವವರು ಅಡುಗೆಮನೆಯಲ್ಲಿ ದುಡಿಯುವವರು, ನಮ್ಮಲ್ಲಿ ಹೆಚ್ಚಾಗಿ ಹೆಂಗಸರು. ಸ್ಕ್ರೂಡ್ರೈವರು, ಟೆಸ್ಟರು ಮಾತ್ರ ಗಂಡಸರ ಸೊತ್ತೆಂಬಂತೆ ಇನ್ನೆಲ್ಲೋ ಇರುತ್ತವೆ. ಈ ಹಂಚಿಕೆ ತಪ್ಪು. ದೋಷವನ್ನು ಮೊದಲು ಕೇಳಿಸಿಕೊಂಡವರ ಕೈಗೇ ಸಲಕರಣೆ ಸಿಗಬೇಕು.

ಕಾರಿನ ವಿಷಯಕ್ಕೆ ಬಂದರೆ ಹಿಂಜರಿಕೆ ಇನ್ನೂ ಜಾಸ್ತಿ. ಈಗಿನ ಕಾರೆಂದರೆ ಕಂಪ್ಯೂಟರು, ಅದರಲ್ಲಿ ನಮಗೇನು ಕೆಲಸ ಎನ್ನುತ್ತಾರೆ. ಆದರೆ ದಿನನಿತ್ಯದ ತೊಂದರೆಗಳಲ್ಲಿ ಕಂಪ್ಯೂಟರಿಗೆ ಸಂಬಂಧವೇ ಇಲ್ಲದವು ಎಷ್ಟೋ. ಬೆಳಗ್ಗೆ ಕೀಲಿ ತಿರುಗಿಸಿದಾಗ ಎಂಜಿನ್ ಸುತ್ತದೆ, ಬರೀ ಟಿಕ್ ಟಿಕ್ ಸದ್ದು ಬಂದರೆ ಮೊದಲು ನೋಡಬೇಕಾದ್ದು ಬ್ಯಾಟರಿಯ ಟರ್ಮಿನಲ್. ಅಲ್ಲಿ ಬಿಳಿಯ ಅಥವಾ ಹಸಿರುಮಿಶ್ರಿತ ಪುಡಿ ಕಟ್ಟಿದ್ದರೆ, ಹಿಡಿಕೆ ಸಡಿಲವಾಗಿದ್ದರೆ, ಬ್ಯಾಟರಿ ಗಟ್ಟಿಯಾಗಿದ್ದರೂ ಸ್ಟಾರ್ಟರಿಗೆ ಬೇಕಾದಷ್ಟು ಕರೆಂಟು ಹರಿಯುವುದಿಲ್ಲ. ಅಡುಗೆಸೋಡ ಬೆರೆಸಿದ ನೀರಿನಿಂದ ತೊಳೆದು ಒಣಗಿಸಿ ಬಿಗಿದರೆ ಸಾಕಾಗುವುದುಂಟು. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಕಾರಿನ ಇಡೀ ಲೋಹದ ಮೈ ನೆಗೆಟಿವ್‌ಗೆ ಸೇರಿಕೊಂಡಿರುತ್ತದೆ. ಅದನ್ನು ಬಿಡಿಸದೆ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಅಕ್ಕಪಕ್ಕದ ಲೋಹಕ್ಕೆ ತಗುಲಿದರೆ ಶಾರ್ಟ್ ಆಗಿ ಕಿಡಿ ಸಿಡಿಯುತ್ತದೆ. ಹಾರ್ನ್, ವೈಪರ್, ಚಾರ್ಜಿಂಗ್ ಸಾಕೆಟ್ ಇವುಗಳಲ್ಲಿ ಒಂದು ಮಾತ್ರ ಸತ್ತಿದ್ದರೆ ಫ್ಯೂಸ್ ನೋಡಬೇಕು. ಫ್ಯೂಸುಗಳ ಬಣ್ಣವೇ ಅಳತೆ ಹೇಳುತ್ತದೆ: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ. ಹೊಸ ಫ್ಯೂಸ್ ಕೂಡ ಕೂಡಲೇ ಸುಟ್ಟರೆ ಎಲ್ಲೋ ವೈರು ಶಾರ್ಟ್ ಆಗಿದೆ. ದೊಡ್ಡ ಅಳತೆಯದನ್ನು ಹಾಕಿ ಅದನ್ನು ಮುಚ್ಚಿಹಾಕುವುದು ಬೆಂಕಿಗೆ ದಾರಿ.

ಇನ್ನು ಕಂಪ್ಯೂಟರು. ಅದು ದೋಷವನ್ನು ಬಚ್ಚಿಡುವುದಿಲ್ಲ, ಬರೆದಿಡುತ್ತದೆ. ಸ್ಟೀರಿಂಗ್ ಕೆಳಗೆ ಓಬಿಡಿ ಎಂಬ ಪೋರ್ಟ್ ಇರುತ್ತದೆ. ಅಂಗೈಯಗಲದ ರೀಡರ್ ಒಂದನ್ನು ಅಲ್ಲಿ ಸಿಕ್ಕಿಸಿ ಮೊಬೈಲಿಗೆ ಜೋಡಿಸಿದರೆ ಎಂಜಿನ್ ದೀಪ ಏಕೆ ಹೊತ್ತಿದೆ ಎಂಬುದರ ಸಂಕೇತ ಕಾಣುತ್ತದೆ. ಪಿ0301 ಎಂದರೆ ಮೊದಲನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಪೆಟ್ರೋಲ್ ಕಾರಿನಲ್ಲಿ ಇದಕ್ಕೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಇಂಜೆಕ್ಟರ್ ಯಾವುದಾದರೂ ಕಾರಣವಾಗಬಹುದು. ಸಂಕೇತ ಜಾಗ ಹೇಳಿತು, ಬಿಡಿಭಾಗ ಹೇಳಲಿಲ್ಲ. ಅನುಭವಿ ಮೆಕ್ಯಾನಿಕ್ ಇಲ್ಲಿ ಸರಳ ಪರೀಕ್ಷೆ ಮಾಡುತ್ತಾನೆ. ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಕಾಯಿಲ್ ಇರುವ ಎಂಜಿನ್ನಿನಲ್ಲಿ ಮೊದಲನೆಯದರ ಕಾಯಿಲನ್ನು ಎರಡನೆಯದಕ್ಕೆ ಅದಲುಬದಲು ಮಾಡುತ್ತಾನೆ. ಸಂಕೇತ ಪಿ0302 ಎಂದು ಬದಲಾದರೆ ಕಾಯಿಲೇ ಅಪರಾಧಿ, ಬದಲಾಗದಿದ್ದರೆ ಹುಡುಕಾಟ ಬೇರೆಡೆಗೆ. ಈ ತರ್ಕ ಗೊತ್ತಿರುವ ಕಾರಿನ ಮಾಲೀಕ ತಾನು ಬಾನೆಟ್ ಎತ್ತದಿದ್ದರೂ 'ಕಾಯಿಲ್ ಬದಲಿಸುವ ಮೊದಲು ಅದಲುಬದಲು ಮಾಡಿ ನೋಡಿದ್ರಾ?' ಎಂದು ಕೇಳಬಲ್ಲ. ಆ ಒಂದು ಪ್ರಶ್ನೆಯಿಂದ ಬಿಲ್ಲಿನಲ್ಲಿ ಎಷ್ಟೋ ಸಾಲುಗಳು ಕಡಿಮೆಯಾಗುತ್ತವೆ.

ಈ ತಿಳಿವಳಿಕೆ ನಮ್ಮಿಂದ ದೂರವಾದದ್ದು ನಮ್ಮ ಉದಾಸೀನದಿಂದ ಮಾತ್ರವಲ್ಲ. 2011ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ಒಂದು ದೂರು ಹೋಯಿತು. ಕಾರು ಕಂಪನಿಗಳು ಅಸಲಿ ಬಿಡಿಭಾಗಗಳನ್ನೂ ದೋಷಪತ್ತೆ ಉಪಕರಣಗಳನ್ನೂ ತಮ್ಮ ಅಧಿಕೃತ ಡೀಲರುಗಳ ಆಚೆ ಮುಕ್ತವಾಗಿ ಮಾರುವುದಿಲ್ಲ, ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಹೋಗುತ್ತದೆಂದು ಹೆದರಿಸುತ್ತವೆ ಎಂಬುದು ಅದರ ಸಾರ. 2014ರ ಆಗಸ್ಟ್‌ನಲ್ಲಿ ಆಯೋಗ 14 ಕಂಪನಿಗಳನ್ನು ತಪ್ಪಿತಸ್ಥವೆಂದು ಹೇಳಿ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗ, ಉಪಕರಣಗಳು ಗ್ರಾಹಕರಿಗೂ ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕೆಂದು, ಹೊರಗಿನ ರಿಪೇರಿ ಎಂಬ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡಬಾರದೆಂದು ಆದೇಶಿಸಿತು. ದಂಡದ ವಿರುದ್ಧ ಕಂಪನಿಗಳು ಮೇಲ್ಮನವಿ ಸಲ್ಲಿಸಿದವು, ಆ ಕಥೆ ಉದ್ದ. ಇಲ್ಲಿ ಮುಖ್ಯವಾದದ್ದು ಇಷ್ಟು: ದೋಷವನ್ನು ಯಾರು ಕಂಡುಹಿಡಿಯಬಹುದು ಎಂಬುದನ್ನು ಹಿಡಿತದಲ್ಲಿಟ್ಟುಕೊಂಡವರು ಬೆಲೆಯನ್ನೂ ಹಿಡಿತದಲ್ಲಿಟ್ಟುಕೊಳ್ಳುತ್ತಾರೆ ಎಂಬುದು ಬರೀ ಅನುಮಾನವಾಗಿ ಉಳಿಯಲಿಲ್ಲ, ಅಧಿಕೃತ ತನಿಖೆಯಲ್ಲಿ ಸಾಬೀತಾಯಿತು. ವಾರಂಟಿ ಇರುವ ವಸ್ತುವನ್ನು ನಾವಾಗಿ ಬಿಚ್ಚದಿರುವುದೇ ಜಾಣತನ, ಅದು ಬೇರೆ ಮಾತು. ಆದರೆ ವಾರಂಟಿ ಕಾರ್ಡನ್ನು ಪೂರ್ತಿ ಓದಿ, ಯಾವುದಕ್ಕೆ ಅದು ಅನ್ವಯಿಸುವುದಿಲ್ಲ ಎಂದು ತಿಳಿದಿರಬೇಕು.

ಎದುರುವಾದಗಳಲ್ಲಿ ನಾನು ಅತ್ಯಂತ ಗಂಭೀರವಾಗಿ ತೆಗೆದುಕೊಳ್ಳುವುದು ಅಪಾಯದ ಮಾತು. ಅರೆಬರೆ ತಿಳಿದವರು ಕೈಹಾಕಿ ಜೀವ ಕಳೆದುಕೊಳ್ಳುವುದಿಲ್ಲವೇ? ಕಳೆದುಕೊಳ್ಳಬಹುದು. ಮೈಕ್ರೋವೇವ್ ಒಲೆಯ ಕೆಪ್ಯಾಸಿಟರ್ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಳ್ಳುತ್ತದೆ, ಪ್ಲಗ್ ಕಿತ್ತ ಮೇಲೂ ಕೊಲ್ಲಬಲ್ಲದು. ಗ್ಯಾಸ್ ರೆಗ್ಯುಲೇಟರು, ಉಬ್ಬಿದ ಮೊಬೈಲ್ ಬ್ಯಾಟರಿ, ಕಾರಿನ ಏರ್‌ಬ್ಯಾಗು, ಬ್ರೇಕು, ಎಲೆಕ್ಟ್ರಿಕ್ ವಾಹನದ ಕಿತ್ತಳೆ ಬಣ್ಣದ ಕೇಬಲ್ಲು ಇವು ಮನೆಯವರ ಕೆಲಸವಲ್ಲ. ಬಿಸಿಯಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆಯಬಾರದು. ಒತ್ತಡದಲ್ಲಿರುವ ಆ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಕಾದಿರುತ್ತದೆ, ತೆರೆದ ಕ್ಷಣ ಮೈಮೇಲೆ ಚಿಮ್ಮುತ್ತದೆ. ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ಯಾರೂ ಹೋಗಕೂಡದು. ಫ್ಯಾನಿನ ಕೆಪ್ಯಾಸಿಟರ್ ಬದಲಿಸುವಾಗಲೂ ಗೋಡೆಯ ಸ್ವಿಚ್ಚನ್ನು ನಂಬಬಾರದು. ವೈರಿಂಗ್ ಮಾಡಿದವರು ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಕೊಟ್ಟಿದ್ದರೆ ಸ್ವಿಚ್ ಆರಿಸಿದರೂ ಫ್ಯಾನಿನಲ್ಲಿ ಫೇಸ್ ಇದ್ದೇ ಇರುತ್ತದೆ. ಎಂಸಿಬಿ ಇಳಿಸಿ, ಟೆಸ್ಟರ್ ಇಟ್ಟು ನೋಡಿಯೇ ಮುಟ್ಟಬೇಕು. ಇಷ್ಟೆಲ್ಲ ಹೇಳಿದ ಮೇಲೂ ಅಪಾಯದ ವಾದ ನನ್ನ ಮಾತಿಗೆ ವಿರುದ್ಧವಲ್ಲ, ಪೂರಕ. ಕುಕ್ಕರಿನ ಸೇಫ್ಟಿ ವಾಲ್ವಿನ ತೂತಿಗೆ ಏನನ್ನೋ ತುರುಕಿ ಮುಚ್ಚುವವರು ಅದರ ಕೆಲಸ ತಿಳಿಯದವರು. ಯಾವುದನ್ನು ಮುಟ್ಟಬಾರದು ಎಂಬುದೂ ದೋಷ ಬಲ್ಲವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಹಾಗಾದರೆ ಬೀದಿಯ ಮೆಕ್ಯಾನಿಕ್ಕಿನ ಹೊಟ್ಟೆಪಾಡೇನು? ಅವನ ಅನ್ನ ಕಸಿಯುತ್ತಿರುವುದು ತಮ್ಮ ಮನೆಯ ನಲ್ಲಿಗೆ ವಾಷರ್ ಹಾಕಿಕೊಳ್ಳುವವರಲ್ಲ. ಬಿಚ್ಚಲಾಗದಂತೆ ಅಂಟುಹಾಕಿ ಮುಚ್ಚಿದ ವಸ್ತುಗಳು ಮತ್ತು ಸಿಗದ ಬಿಡಿಭಾಗಗಳು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳು, ಜೆ.ಸಿ. ರಸ್ತೆಯ ವಾಹನ ಬಿಡಿಭಾಗದ ಅಂಗಡಿಗಳು ನಡೆಯುವುದು ವಸ್ತುಗಳನ್ನು ಬಿಚ್ಚಬಹುದಾದ ಕಾರಣದಿಂದ. ಮನೆಯವರು, ಮೆಕ್ಯಾನಿಕ್, ಅಂಗಡಿಯವರು ಮೂವರ ಹಿತವೂ ಇಲ್ಲಿ ಒಂದೇ. ರಿಪೇರಿ ಕೆಫೆಗಳು ಇದನ್ನು ಚೆನ್ನಾಗಿ ಅರಿತಿವೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬ ಮಹಿಳೆ ಆರಂಭಿಸಿದ, 2015ರಿಂದ ಬೆಂಗಳೂರಿನಲ್ಲೂ ನಡೆದ ಈ ಕೂಟಗಳಲ್ಲಿ ವಸ್ತುವನ್ನು ಕೊಟ್ಟುಹೋಗುವ ಪದ್ಧತಿಯಿಲ್ಲ. ತಂದವರು ಸರಿಮಾಡುವವರ ಪಕ್ಕದಲ್ಲಿ ಕೂತು ನೋಡಬೇಕು, ಕೈಜೋಡಿಸಬೇಕು.

ಹಳೆಯದನ್ನು ಎಳೆದಾಡುವ ಬದಲು ಹೊಸದು ಕೊಳ್ಳುವುದೇ ಲಾಭ ಎಂಬ ವಾದ ಕೆಲವೆಡೆ ನಿಜ. ಹಳೆಯ ಫ್ಯಾನು ಸುಮಾರು 75 ವ್ಯಾಟ್ ಎಳೆದರೆ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. ದಿನಕ್ಕೆ 12 ಗಂಟೆ ಓಡುವ ಕೋಣೆಯಲ್ಲಿ ವರ್ಷಕ್ಕೆ 200 ಯೂನಿಟ್ಟಿನಷ್ಟು ವ್ಯತ್ಯಾಸ. ಅಲ್ಲಿ ಬದಲಿಸುವುದು ಸರಿ. ಅತಿಥಿಗಳ ಕೋಣೆಯಲ್ಲಿ ವರ್ಷಕ್ಕೆ ಹತ್ತು ದಿನ ತಿರುಗುವ ಫ್ಯಾನಿಗೆ ಕೆಪ್ಯಾಸಿಟರೇ ಸರಿ. ದೋಷವೂ ಬಳಕೆಯೂ ಗೊತ್ತಿದ್ದರಷ್ಟೇ ಈ ಲೆಕ್ಕ ಹಾಕಲಾಗುವುದು. ಅಲ್ಲದೆ ಬಿಸಾಡಿದ್ದು ಎಲ್ಲಿಗೂ ಹೋಗುವುದಿಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತು. ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಸಿದ್ಧಪಡಿಸಿದ್ದಕ್ಕೆ ದಾಖಲೆ ಇರುವುದು ಅದರ ಕಾಲುಭಾಗಕ್ಕೂ ಕಡಿಮೆ.

ಕೊಳ್ಳುವ ಹೊತ್ತಿನಲ್ಲೇ ರಿಪೇರಿಯ ಯೋಚನೆ ಬರಬೇಕಾದ್ದು ಇದಕ್ಕಾಗಿ. ಫ್ರಾನ್ಸ್‌ನಲ್ಲಿ 2021ರಲ್ಲಿ ಮೊಬೈಲ್, ಲ್ಯಾಪ್‌ಟಾಪ್, ವಾಷಿಂಗ್ ಮೆಷಿನ್ ಮುಂತಾದವು ಎಷ್ಟು ಸುಲಭವಾಗಿ ರಿಪೇರಿಯಾಗುತ್ತವೆ ಎಂಬುದಕ್ಕೆ 10ಕ್ಕೆ ಇಷ್ಟು ಎಂದು ಅಂಕ ತೋರಿಸುವುದು ಕಡ್ಡಾಯವಾಯಿತು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಈ ನಾಲ್ಕು ಕ್ಷೇತ್ರಗಳನ್ನು ಆರಿಸಿಕೊಂಡು ಅದೇ ವರ್ಷ ಡಿಸೆಂಬರಿನಲ್ಲಿ ಪೋರ್ಟಲ್ ಒಂದನ್ನೂ ತೆರೆಯಿತು. ಕಂಪನಿಗಳ ಕೈಪಿಡಿ, ವಾರಂಟಿ, ಬಿಡಿಭಾಗದ ವಿವರಗಳನ್ನು ಒಂದೆಡೆ ತರುವುದು ಅದರ ಗುರಿ. ಫ್ರಾನ್ಸಿನಂಥ ಅಂಕ ನಮ್ಮಲ್ಲೂ ಕಡ್ಡಾಯವಾಗಲೇಬೇಕು, ಕೈಪಿಡಿಗಳು ಕನ್ನಡದಲ್ಲೂ ಬರಬೇಕು. ಅಲ್ಲಿಯವರೆಗೆ ಅಂಗಡಿಯಲ್ಲಿ ನಿಂತು ಕೇಳಬಹುದಾದ ಪ್ರಶ್ನೆಗಳು ನಮ್ಮ ಕೈಯಲ್ಲಿವೆ: ಇದರ ಕಪ್ಲರ್, ರಬ್ಬರ್, ಬ್ಯಾಟರಿ ಬಿಡಿಯಾಗಿ ಸಿಗುತ್ತದೆಯೇ, ನಮ್ಮ ಊರಿನಲ್ಲಿ ಯಾರು ಇಟ್ಟಿರುತ್ತಾರೆ? ಬರುವ ಆಯುಧಪೂಜೆಗೆ ಗಾಡಿ ತೊಳೆದು ಹೂವು ಏರಿಸುವ ಮೊದಲು ಕೈಪಿಡಿ ಹಿಡಿದು ಬಾನೆಟ್ ಎತ್ತಿ, ಬ್ಯಾಟರಿ, ಏರ್ ಫಿಲ್ಟರ್, ಕೂಲೆಂಟ್, ಫ್ಯೂಸ್ ಡಬ್ಬಿ ಎಲ್ಲೆಲ್ಲಿವೆ ಎಂದು ಮನೆಯ ಮಕ್ಕಳಿಗೂ ತೋರಿಸಿ.